ನ್ಯೂಯಾರ್ಕ್ ನಗರದ ಹಾಲು: ಕಲಬೆರಕೆ ಮತ್ತು ಕಾನೂನು

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ನ್ಯೂಯಾರ್ಕಿಗರು ಕುಡಿಯುತ್ತಿದ್ದ ಹಾಲಿನಲ್ಲಿ ದೊಡ್ಡ ಪಾಲು ವಿಸ್ಕಿ ಭಟ್ಟಿಗಳ ಮಗ್ಗುಲಿನಿಂದ ಬರುತ್ತಿತ್ತು. ಧಾನ್ಯ ಹುಳಿಸಿ ಮದ್ಯ ಇಳಿಸಿಕೊಂಡ ಮೇಲೆ ಉಳಿಯುವ ಚರಟವನ್ನು ಬಿಸಿಬಿಸಿಯಾಗಿಯೇ ಪಕ್ಕದ ಕೊಟ್ಟಿಗೆಗಳಿಗೆ ಹರಿಸುತ್ತಿದ್ದರು. ಮ್ಯಾನ್‌ಹಟನ್, ಬ್ರೂಕ್ಲಿನ್‌ಗಳ ಕತ್ತಲ ಕೊಟ್ಟಿಗೆಗಳಲ್ಲಿ ಅಲುಗಾಡಲೂ ಜಾಗವಿಲ್ಲದೆ ಕಟ್ಟಿಹಾಕಿದ ಹಸುಗಳಿಗೆ ಅದೇ ಮೇವು. ಹಲ್ಲು ಉದುರಿ, ಬಾಲ ಕೊಳೆತು, ಎದ್ದು ನಿಲ್ಲಲಾಗದ ಹಸುವಿನಿಂದಲೂ ಹಾಲು ಕರೆಯುತ್ತಿದ್ದರು. ನೀಲಿ ಛಾಯೆಯ ಆ ತೆಳು ಹಾಲಿಗೆ ಸೀಮೆಸುಣ್ಣವೋ ಪಿಷ್ಟವೋ ಸೇರಿದರೆ ಬಣ್ಣ ಬರುತ್ತಿತ್ತು; ಗಾಡಿಯ ಮೇಲೆ ಮಾತ್ರ ಹಳ್ಳಿಗಾಡಿನ ಹೆಸರು ಹೊತ್ತ ‘ಆರೆಂಜ್ ಕೌಂಟಿಯ ಶುದ್ಧ ಹಾಲು’ ಎಂಬ ಬರಹ.

ಪಾನನಿಷೇಧ ಚಳವಳಿಯ ರಾಬರ್ಟ್ ಹಾರ್ಟ್ಲಿ 1842ರಲ್ಲೇ ಈ ಬಗ್ಗೆ ಪುಸ್ತಕ ಬರೆದಿದ್ದರು. ಊರು ಎಚ್ಚೆತ್ತದ್ದು 1858ರಲ್ಲಿ, ಫ್ರಾಂಕ್ ಲೆಸ್ಲಿಯ ಸಚಿತ್ರ ಪತ್ರಿಕೆ ಕೊಟ್ಟಿಗೆಗಳ ಚಿತ್ರಗಳನ್ನು ಅಚ್ಚು ಹಾಕಿದಾಗ. ನಗರಸಭೆ ತನಿಖೆಗೆ ಸಮಿತಿ ನೇಮಿಸಿತು. ಅದರ ಸದಸ್ಯ ಮೈಕೆಲ್ ಟುಮಿ ಕೊಟ್ಟಿಗೆ ಮಾಲೀಕರ ಪರ ನಿಂತರು. ಬಹುಮತದ ವರದಿ ಕೊಟ್ಟಿಗೆಗಳಿಗೆ ಇನ್ನಷ್ಟು ಗಾಳಿ ಬೆಳಕು ಬೇಕೆಂದು ಸೂಚಿಸಿ ಕೈತೊಳೆದುಕೊಂಡಿತು. ಲೆಸ್ಲಿ ಸುಮ್ಮನಿರದೆ ಸದಸ್ಯರನ್ನು ವ್ಯಂಗ್ಯಚಿತ್ರಗಳಲ್ಲಿ ಲೇವಡಿ ಮಾಡಿದರು.

ರಾಜ್ಯ ಶಾಸನಸಭೆ 1862ರಲ್ಲಿ ಕಲಬೆರಕೆ ಹಾಲಿನ ಮಾರಾಟವನ್ನು ಅಪರಾಧವೆಂದು ಸಾರಿತು. ಆದರೆ ನೀರು ಬೆರೆಸುವುದು ಕಲಬೆರಕೆಯೇ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಕ್ಕಿದ್ದು 1864ರ ತಿದ್ದುಪಡಿಯಲ್ಲಿ. ಜಾರಿಗೆ ತರುವ ಕೈ ಹುಟ್ಟಿದ್ದು ಇನ್ನೂ ತಡವಾಗಿ: 1866ರಲ್ಲಿ ಮಹಾನಗರ ಆರೋಗ್ಯ ಮಂಡಳಿ ಸ್ಥಾಪನೆಯಾಯಿತು. ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಚಾಂಡ್ಲರ್ 1873ರಿಂದ 1883ರವರೆಗೆ ನಗರದ ಆರೋಗ್ಯ ಮಂಡಳಿಯ ಅಧ್ಯಕ್ಷರಾಗಿದ್ದರು. ಅವರ ಇನ್‌ಸ್ಪೆಕ್ಟರುಗಳ ಆಯುಧ, ಹಾಲಿನಲ್ಲಿ ತೇಲಿಬಿಟ್ಟು ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್. ಶುದ್ಧ ನೀರಿಗೆ 0, ಸಾಂದ್ರತೆ 1.029 ಇರುವ ಹಾಲಿಗೆ 100 ಎಂದು ಅಳತೆ ಗುರುತಿಸಿದ್ದರು. ಅದಕ್ಕಿಂತ ಕೆಳಗೆ ಮುಳುಗಿದರೆ ನೀರು ಬೆರೆತಿದೆ ಎಂದರ್ಥ.

ವ್ಯಾಪಾರಿಗಳು ಉಪಕರಣವನ್ನೇ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಅವರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಹಾಲಿಗಿಂತ ಕೆನೆ ಹಗುರ; ಕೆನೆ ತೆಗೆದರೆ ಹಾಲಿನ ಸಾಂದ್ರತೆ ಏರುತ್ತದೆ, ನೀರು ಹಾಕಿದರೆ ಇಳಿಯುತ್ತದೆ. ಎರಡನ್ನೂ ಹದವಾಗಿ ಮಾಡಿದವನ ಹಾಲು ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತಿತ್ತು. ಕೊಬ್ಬಿನ ಅಂಶ ಅಳೆಯುವ ಬ್ಯಾಬ್‌ಕಾಕ್ ಪರೀಕ್ಷೆ 1890ರಲ್ಲಿ ವಿಸ್ಕಾನ್ಸಿನ್‌ನಿಂದ ಬಂದ ಮೇಲೆ ಈ ಕೈಚಳಕ ಹಿಡಿಯುವುದು ಸುಲಭವಾಯಿತು. ಕರ್ನಾಟಕದ ಹಳ್ಳಿ ಡೇರಿಗಳಲ್ಲಿ ‘ಡಿಗ್ರಿ’ಯ ಜೊತೆಗೆ ‘ಫ್ಯಾಟ್’ ಕೂಡ ನೋಡುವುದರ ಹಿಂದೆ ಇರುವುದೂ ಇದೇ ಲೆಕ್ಕ.

ಅಷ್ಟರಲ್ಲಿ ಭಯದ ದಿಕ್ಕು ಬದಲಾಯಿತು. ಸೀಮೆಸುಣ್ಣವೂ ನೀರೂ ಇಲ್ಲದ ಹಾಲು ಕೂಡ ಕ್ಷಯ, ವಿಷಮಶೀತಜ್ವರಗಳನ್ನು ಹರಡಬಲ್ಲದು, ಮತ್ತು ಅದನ್ನು ಯಾವ ಲ್ಯಾಕ್ಟೋಮೀಟರೂ ತೋರಿಸದು. ಮೇಸೀಸ್ ಅಂಗಡಿಯ ಪಾಲುದಾರ ನೇಥನ್ ಸ್ಟ್ರಾಸ್ 1893ರಲ್ಲಿ ಬಡ ಮಕ್ಕಳಿಗೆ ಪಾಶ್ಚರೀಕರಿಸಿದ ಹಾಲು ಕೊಡುವ ಕೇಂದ್ರ ತೆರೆದರು. ಕಾಯಿಸಿದರೆ ಹಾಲಿನ ಸತ್ವ ಹೋಗುತ್ತದೆ ಎಂದು ಕೆಲವು ವೈದ್ಯರೇ ಅಡ್ಡಗಾಲು ಹಾಕಿದ್ದರಿಂದ ಪಾಶ್ಚರೀಕರಣ ಕಡ್ಡಾಯವಾಗಲು ಎರಡು ದಶಕ ಹಿಡಿಯಿತು. 1896ರಿಂದ ಹಾಲು ಮಾರಲು ಪರವಾನಗಿ ಬೇಕಾಯಿತು. ಮುಂದೆ ಇನ್‌ಸ್ಪೆಕ್ಟರುಗಳು ನಗರದಾಚೆಯ ಫಾರ್ಮುಗಳಿಗೂ ಹೋದರು. ಹಾಲಿಗೆ ಎ, ಬಿ, ಸಿ ದರ್ಜೆಗಳು ಬಂದವು. 1914ರ ಹೊತ್ತಿಗೆ, ಮೇಲ್ದರ್ಜೆಯ ಹಸಿ ಹಾಲೊಂದನ್ನು ಬಿಟ್ಟು, ನಗರದಲ್ಲಿ ಮಾರುವ ಹಾಲಿಗೆ ಪಾಶ್ಚರೀಕರಣ ಕಡ್ಡಾಯವಾಗಿತ್ತು.