ಬಿಳಿಬಾಲದ ಜಿಂಕೆ: ಸ್ವಂತ ಜಮೀನಿನಲ್ಲಿ ನೆಲೆ ಮತ್ತು ಬಿಲ್ಲುಬೇಟೆ

ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆಗೆ ಕುಟುಂಬದ ಜಮೀನಿನಲ್ಲಿ ಮೇವು, ಮರೆ ಒದಗಿಸಿ, ಬೇಟೆಯ ಮೂಲಕ ಹಿಂಡನ್ನು ಮಿತಿಯಲ್ಲಿಡುವ ಪದ್ಧತಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 1934ರಲ್ಲೇ ಬಿಲ್ಲುಬೇಟೆಗೆ ಪ್ರತ್ಯೇಕ ಅವಧಿ ಗೊತ್ತುಮಾಡಿತು.

ನವೆಂಬರಿನ ಬೆದೆಗಾಲದಲ್ಲಿ ಗಂಡು ಜಿಂಕೆಗಳು ಮೇವು ಬಿಟ್ಟು ಅಲೆದು ಸೊರಗುತ್ತವೆ. ಹಿಮ ಬಿದ್ದ ಮೇಲೆ ಹಗಲೆಲ್ಲ ದಕ್ಷಿಣದ ಬಿಸಿಲು ಬೀಳುವ ಇಳಿಜಾರಿನಲ್ಲಿ ಮಲಗಿ, ಸಂಜೆ ಕೊಯ್ಯದೆ ಉಳಿಸಿದ ಮೆಕ್ಕೆಜೋಳ, ಸೋಯಾ ಅವರೆ, ಟರ್ನಿಪ್ ಗಡ್ಡೆಯ ಹೊಲಕ್ಕೆ ಇಳಿಯುತ್ತವೆ. ಬಿಲ್ಲುಗಾರ ತನ್ನ ವಾಸನೆ ಅವುಗಳತ್ತ ಹೋಗದಂತೆ ಗಾಳಿಯ ದಿಕ್ಕು ನೋಡಿ ಕೂರಬೇಕು. ಮೇವು, ಮರೆಗಾಗಿ ಬೆಲೆಯಿಲ್ಲದ ಮರಗಳ ಕಾಂಡವನ್ನು ಅರ್ಧಕ್ಕಿಂತ ಹೆಚ್ಚು ಕೊಯ್ದು ಬಾಗಿಸುತ್ತಾರೆ. ಉಳಿದ ತೊಗಟೆಯಿಂದ ಜೀವ ಹಿಡಿದ ಮರದ ಚಿಗುರು ಜಿಂಕೆಯ ಬಾಯಿಗೆಟುಕುತ್ತದೆ, ಕೊಂಬೆಗಳು ಮರೆಯಾಗುತ್ತವೆ.

ಪರಿಸರ ಚಿಂತಕ ಅಲ್ಡೋ ಲಿಯೋಪೋಲ್ಡ್ 1935ರಲ್ಲಿ ವಿಸ್ಕಾನ್ಸಿನ್‌ನಲ್ಲೇ ಸವೆದ ಜಮೀನೊಂದನ್ನು ಕೊಂಡು ಮನೆಮಂದಿಯೊಡನೆ ಸಾವಿರಾರು ಮರ ನೆಟ್ಟರು. ಸ್ವತಃ ಬಿಲ್ಲುಗಾರರಾಗಿದ್ದ ಅವರು, ಜಿಂಕೆ ಮಿತಿಮೀರಿದರೆ ಕಾಡೇ ಸೊರಗುತ್ತದೆಂದು ಎಚ್ಚರಿಸಿದರು. ನೆಲೆ ಬೆಳೆಸಿ ಬೇಟೆ ಮರೆತವರ ಜಮೀನಿನಲ್ಲಿ ಎಳೆ ಸಸಿ ಉಳಿಯದಿರುವುದು ಇದಕ್ಕೆ ಸಾಕ್ಷಿ. 2002ರಲ್ಲಿ ರಾಜ್ಯದಲ್ಲಿ ಜಿಂಕೆಗಳ ಮಾರಕ ಮಿದುಳುರೋಗ ಪತ್ತೆಯಾದ ಬಳಿಕ, ಅದು ಹರಡದಂತೆ ಅನೇಕ ಕೌಂಟಿಗಳಲ್ಲಿ ಮೇವು ಸುರಿಯುವುದು ನಿಷಿದ್ಧ.

ಆದರೆ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸ್ವಂತ ಜಮೀನಿನಲ್ಲೂ ಜಿಂಕೆ ಬೇಟೆ ಅಪರಾಧ.