ಗೋಡೆ ಮೇಲಿನ ಇತಿಹಾಸಕ್ಕೆ ದಿಕ್ಕು ಯಾರು?

ನಿಮ್ಮೂರಿನ ಇತಿಹಾಸ ಎಲ್ಲಿದೆ ಅಂತ ಯಾರಾದ್ರೂ ಕೇಳಿದ್ರೆ ಏನ್ ಹೇಳ್ತೀರಿ? ಚನ್ನಗಿರಿಯವರು ಕೋಟೆ ಕಡೆ ಕೈ ತೋರಿಸ್ತಾರೆ. ಕೆಳದಿ ಚೆನ್ನಮ್ಮನ ಹೆಸರು ಹೇಳ್ತಾರೆ. ಹೊನ್ನಾಳಿಯವರು ತುಂಗಭದ್ರೆ, ಹಿರೇಕಲ್ಮಠ ಅಂತಾರೆ. ನ್ಯಾಮತಿಯವರು ಸಂತ ಸೇವಾಲಾಲರ ಸೂರಗೊಂಡನಕೊಪ್ಪ ತೋರಿಸ್ತಾರೆ. ಜಗಳೂರಿನವರು ಕೊಡದಗುಡ್ಡದ ವೀರಭದ್ರನ ಬೆಟ್ಟ ತೋರಿಸ್ತಾರೆ. ಎಲ್ಲವೂ ಸರಿ. ಆದರೆ ಇನ್ನೊಂದು ಇತಿಹಾಸ ಇದೆ. ಅದಕ್ಕೆ ಶಾಸನ ಇಲ್ಲ, ತಾಳೆಗರಿ ಇಲ್ಲ, ಕಾವಲುಗಾರನೂ ಇಲ್ಲ. ಅದು ನಿಮ್ಮೂರಿನ ಹಳೇ ಅಂಗಡಿ ಬಾಗಿಲ ಮೇಲಿದೆ. ಎನಾಮೆಲ್ ಪೇಂಟ್‌ನಲ್ಲಿದೆ. ನಾವು ನೋಡ್ತಾ ಇರುವಾಗಲೇ ಅಳಿಸಿಹೋಗ್ತಾ ಇದೆ.

ಉತ್ಪ್ರೇಕ್ಷೆ ಅಂತೀರಾ? ಒಂದು ಬೋರ್ಡಿನ ಲೆಕ್ಕ ಕೊಡ್ತೀನಿ, ನೋಡಿ. 1956ರ ನವೆಂಬರ್ 1ಕ್ಕೆ ನಮ್ಮ ರಾಜ್ಯ ಏಕೀಕರಣ ಆಯ್ತು. ಹೆಸರು ಮಾತ್ರ ಮೈಸೂರು ರಾಜ್ಯ ಅಂತಲೇ ಉಳೀತು. 1972ರ ಆಗಸ್ಟ್ 15ಕ್ಕೆ ಪಿನ್‌ಕೋಡ್ ಬಂತು. ವಿಳಾಸದ ಕೊನೆಗೆ 577ರಿಂದ ಶುರುವಾಗೋ ಆರು ಅಂಕಿ ಸೇರಿಕೊಂಡ್ವು. 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರೇ ಕರ್ನಾಟಕ ಆಯ್ತು. 1997ರಲ್ಲಿ, ಇದೇ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿ ಆಗಿದ್ದಾಗ, ದಾವಣಗೆರೆ ಜಿಲ್ಲೆ ಹುಟ್ಟಿತು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಬಂದ್ವು. ಚಿತ್ರದುರ್ಗದಿಂದ ಜಗಳೂರು ಬಂತು. 2017ರ ಬಜೆಟ್‌ನಲ್ಲಿ ನ್ಯಾಮತಿ ಪ್ರತ್ಯೇಕ ತಾಲ್ಲೂಕು ಅಂತ ಘೋಷಣೆ ಆಯ್ತು.

ಈಗ ಯೋಚನೆ ಮಾಡಿ. ನ್ಯಾಮತಿಯಲ್ಲಿ ಒಂದು ಸಹಕಾರ ಸಂಘ ಇದೆ ಅಂದ್ಕೊಳ್ಳಿ. ಅದರ ಬೋರ್ಡ್ ಮೇಲೆ ಮೊದಲು ‘ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ, ಮೈಸೂರು ರಾಜ್ಯ’ ಅಂತ ಇತ್ತು. ಆಮೇಲೆ ರಾಜ್ಯ ಅಳಿಸಿ ಬರೆದರು. ಆಮೇಲೆ ಜಿಲ್ಲೆ ಅಳಿಸಿ ಬರೆದರು. ಕೊನೆಗೆ ತಾಲ್ಲೂಕನ್ನೂ ಅಳಿಸಿ ಬರೆದರು. ಸಂಘ ಕೂತ ಜಾಗದಿಂದ ಒಂದಡಿ ಅಲ್ಲಾಡಿಲ್ಲ, ವಿಳಾಸ ಮಾತ್ರ ಮೂರು ಸಲ ಬದಲಾಯ್ತು. ಪ್ರತಿ ಸಲವೂ ಒಬ್ಬ ಪೇಂಟರ್ ಏಣಿ ಹತ್ತಿ, ಹಳೇ ಅಕ್ಷರದ ಮೇಲೆ ಬಣ್ಣ ಬಳಿದು, ಹೊಸದು ಬರೆದು ಇಳಿದ. ಸರ್ಕಾರದ ಗೆಜೆಟ್ ವಿಧಾನಸೌಧದಲ್ಲಿ ಅಚ್ಚಾದ್ರೂ ಊರಿಗೆ ತಲುಪಿದ್ದು ಅವನ ಕುಂಚದ ಮೂಲಕ.

ಆ ಕೆಲಸ ಸುಲಭ ಅನ್ಕೋಬೇಡಿ. ಮೊದಲು ತಗಡನ್ನು ಉಜ್ಜಿ ಪ್ರೈಮರ್ ಹೊಡೀಬೇಕು. ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ಎರಡೂ ತುದಿ ಹಿಡಿದು ಟಪ್ ಅಂತ ಬಿಟ್ಟರೆ ನೇರ ಗೆರೆ ಬೀಳುತ್ತೆ. ಕೈ ನಡುಗಬಾರದು ಅಂತ ಎಡಗೈಯಲ್ಲಿ ಒಂದು ಕೋಲು ಹಿಡಿದು, ಅದರ ಮೇಲೆ ಬಲಗೈ ಊರಿಕೊಂಡು ಬರೀಬೇಕು. ಇದು ಎಲ್ಲ ದೇಶದ ಪೇಂಟರ್‌ಗಳೂ ಮಾಡೋ ಕೆಲಸ. ಆದರೆ ಕನ್ನಡದ ಪೇಂಟರ್‌ಗೆ ಇನ್ನೊಂದು ಕಷ್ಟ ಇದೆ. ಇಂಗ್ಲಿಷಿನ ದೊಡ್ಡಕ್ಷರ ಎರಡು ಗೆರೆ ಮಧ್ಯೆ ಸುಮ್ಮನೆ ಕೂತುಬಿಡುತ್ತೆ. ನಮ್ಮದು ಹಾಗಲ್ಲ. ‘ಚನ್ನಗಿರಿ’ ಬರೆದರೆ ಕೆಳಗೆ ಒತ್ತಕ್ಷರಕ್ಕೆ ಜಾಗ ಬೇಕು. ‘ಹೊನ್ನಾಳಿ’ಗೂ ಬೇಕು. ‘ನ್ಯಾಮತಿ’ಯ ಒತ್ತು ಕೆಳಗಿಳಿದು ಬಲಕ್ಕೆ ಸುತ್ತಿಕೊಳ್ಳುತ್ತೆ. ‘ಜಗಳೂರು’ ಮಾತ್ರ ಒತ್ತಿಲ್ಲದ ಊರು, ಆದರೆ ಅದರ ದೀರ್ಘ ಪಕ್ಕಕ್ಕೆ ಜಾಗ ಕೇಳುತ್ತೆ. ಇದನ್ನೆಲ್ಲ ಮನಸ್ಸಲ್ಲೇ ಅಳೆದು, ಕೊನೆಯ ಅಕ್ಷರ ಬೋರ್ಡಿನ ಅಂಚಿಗೆ ಸಿಕ್ಕಿ ಹಾಕಿಕೊಳ್ಳದ ಹಾಗೆ ಬರೆಯೋದು ವಿದ್ಯೆ ಅಲ್ಲದೆ ಇನ್ನೇನು?

ಈ ವಿದ್ಯೆಗೆ ಅನ್ನ ಕೊಟ್ಟೋರು ಯಾರು? ಅಂಗಡಿಯವರು ಒಬ್ಬರೇ ಅಲ್ಲ. ಮೊದಲನೇದು ನಾಟಕ ಕಂಪನಿ. ಚಿಂದೋಡಿ ವೀರಪ್ಪನವರ ಕಂಪನಿ ಕಂಡ ಸೀಮೆ ಇದು. ಅವರ ಮಗಳು ಚಿಂದೋಡಿ ಲೀಲಾ ಪದ್ಮಶ್ರೀ ಪಡೆದು, 2010ರಲ್ಲಿ ತೀರಿಕೊಳ್ಳೋವರೆಗೂ ವೃತ್ತಿರಂಗಭೂಮಿಯ ಹೆಸರು ಉಳಿಸಿದವರು. ಕಂಪನಿ ಕ್ಯಾಂಪ್ ಹಾಕಿದರೆ ಅರಮನೆ ಪರದೆ, ಕಾಡಿನ ಪರದೆ, ಬೀದಿ ಪರದೆ ಬರೆಯೋರು ಬೇಕು. ಊರೂರಿಗೆ ಬೋರ್ಡ್ ಬೇಕು. ಎರಡನೇದು ಟೂರಿಂಗ್ ಟಾಕೀಸು. ಎತ್ತಿನ ಗಾಡಿಗೆ ಎರಡೂ ಕಡೆ ಬೋರ್ಡ್ ಕಟ್ಟಿ, ಮೈಕಿನಲ್ಲಿ ಕೂಗುತ್ತಾ, ಕರಪತ್ರ ತೂರುತ್ತಾ ಹೋಗ್ತಿದ್ದದ್ದು ಐವತ್ತು ದಾಟಿದ ಯಾರಿಗೆ ನೆನಪಿಲ್ಲ ಹೇಳಿ? ಮೂರನೇದು ಸರ್ಕಾರ. 1960ರ ದಶಕದಲ್ಲಿ ಕುಟುಂಬ ಯೋಜನೆಯ ಕೆಂಪು ತ್ರಿಕೋನ ದೇಶದ ಹಳ್ಳಿ ಹಳ್ಳಿಯ ಗೋಡೆಗೆ ಬಂತು. ತಲೆಕೆಳಗಾದ ಆ ತ್ರಿಕೋನವನ್ನು ಓದು ಬಾರದವರೂ ಗುರುತಿಸ್ತಿದ್ದರು. ಆಮೇಲೆ 80ರ ದಶಕದ ಕೊನೆಯಿಂದ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದ್ವು.

ನಾಲ್ಕನೇದು, ಎಲ್ಲಕ್ಕಿಂತ ದೊಡ್ಡದು, ಚುನಾವಣೆ. ಪೇಂಟರ್‌ಗಳಿಗೆ ಅದು ಸುಗ್ಗಿ. ಗೋಡೆ ಹಿಡಿಯೋಕೆ ಪಕ್ಷಗಳ ನಡುವೆ ಜಗಳ. ಒಬ್ಬನೇ ಪೇಂಟರ್ ಬೆಳಿಗ್ಗೆ ಒಂದು ಚಿಹ್ನೆ, ಸಂಜೆ ಇನ್ನೊಂದು ಚಿಹ್ನೆ ಬರೆದದ್ದೂ ಉಂಟು. ಈ ಸುಗ್ಗಿಗೆ ಕಡಿವಾಣ ಹಾಕಿದ್ದು ಫ್ಲೆಕ್ಸ್ ಅಲ್ಲ. 1981ರಲ್ಲೇ ರಾಜ್ಯದಲ್ಲಿ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಬಂದಿತ್ತು. 90ರ ದಶಕದಲ್ಲಿ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿ ಗೋಡೆಬರಹಕ್ಕೆ ಲಗಾಮು ಬಿಗಿದರು. ಊರು ಚೊಕ್ಕ ಆಯ್ತು, ನಾವು ಚಪ್ಪಾಳೆ ತಟ್ಟಿದೆವು. ಕುಂಚ ಹಿಡಿದವನ ಸುಗ್ಗಿ ಹೋಯ್ತು ಅನ್ನೋದು ಯಾರ ತಲೆಗೂ ಬರಲಿಲ್ಲ.

ಆಮೇಲೆ 2000ದ ನಂತರ ಫ್ಲೆಕ್ಸ್ ಯಂತ್ರ ಬಂತು. ಪೇಂಟರ್‌ಗೆ ಒಂದು ದಿನ ಹಿಡಿಯೋ ಕೆಲಸ ಯಂತ್ರಕ್ಕೆ ಕೆಲವೇ ನಿಮಿಷ. ಹುಟ್ಟುಹಬ್ಬ, ಶ್ರದ್ಧಾಂಜಲಿ, ಗಣಪತಿ, ಎಲ್ಲದಕ್ಕೂ ಫ್ಲೆಕ್ಸು. ಜಗಳೂರಿನ ಬೋರ್ಡೂ ಚನ್ನಗಿರಿಯ ಬೋರ್ಡೂ ಈಗ ಅದೇ ನಾಲ್ಕೈದು ಕಂಪ್ಯೂಟರ್ ಅಕ್ಷರಗಳಲ್ಲಿ ಬರುತ್ವೆ. ಮೊದಲು ಅಕ್ಷರ ನೋಡಿ ಇದು ಯಾರ ಕೈ ಅಂತ ಹೇಳ್ತಿದ್ದರು. ಈಗ ಅಕ್ಷರ ನೋಡಿದರೆ ಯಾವ ಸಾಫ್ಟ್‌ವೇರ್ ಅಂತ ಮಾತ್ರ ಹೇಳಬಹುದು.

ಇಲ್ಲಿ ಕೆಲವರು ಹೇಳ್ತಾರೆ: “ಕಾಲ ಬದಲಾಗುತ್ತೆ ಸಾರ್, ಜಟಕಾ ಹೋಯ್ತು, ಲಾಟೀನು ಹೋಯ್ತು, ಇದೂ ಹೋಗುತ್ತೆ.” ಒಪ್ಪೋಣ. ಆದರೆ ಒಂದು ಪ್ರಶ್ನೆ. ಅದೇ ಕಾಲ ನಮ್ಮ ಬೊಂಬೆಗಳಿಗೆ ಯಾಕೆ ಬೇರೆ ನ್ಯಾಯ ಕೊಟ್ಟಿತು?

ಚನ್ನಪಟ್ಟಣದ ಬೊಂಬೆ ಕತೆ ನೋಡಿ. ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿದ ಅಂತ ಪ್ರತೀತಿ. 20ನೇ ಶತಮಾನದ ಆರಂಭದಲ್ಲಿ ಬವಾಸ್ ಮಿಯಾನ್ ಅನ್ನೋರು ಜಪಾನಿನ ತಂತ್ರ ತಂದು ಈ ಕಸುಬಿಗೆ ಹೊಸ ದಾರಿ ತೋರಿಸಿದರು. ಹಾಲೆ ಮರವನ್ನು ಚರಕಿಗೆ ಕಟ್ಟಿ ತಿರುಗಿಸ್ತಾ, ಅರಗಿನ ಬಣ್ಣದ ಕಡ್ಡಿ ಒತ್ತಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತೆ. ಆ ಹೊಳಪು ಅಲ್ಲಿಂದ ಬರೋದು. ಚೀನಾದ ಪ್ಲಾಸ್ಟಿಕ್ ಆಟಿಕೆ ಬಂದಾಗ ಈ ಕಸುಬೂ ಮುಳುಗೋ ಹಾಗಿತ್ತು. ಆದರೆ ಏನಾಯ್ತು? ಭೌಗೋಳಿಕ ಸೂಚಿ ಅಂದರೆ ಜಿಐ ಮಾನ್ಯತೆ ಸಿಕ್ಕಿತು. 2020ರಲ್ಲಿ ಕೇಂದ್ರ ಸರ್ಕಾರ ಆಮದು ಆಟಿಕೆ ಮೇಲಿನ ಸುಂಕವನ್ನು ಶೇ. 20ರಿಂದ ಶೇ. 60ಕ್ಕೆ ಏರಿಸಿತು. 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯ ಮಾಡಿ, ಜಿಐ ಕುಶಲಕರ್ಮಿಗಳಿಗೆ ವಿನಾಯಿತಿ ಕೊಟ್ಟಿತು. ಸಮಸ್ಯೆ ಪೂರ್ತಿ ಮುಗೀತು ಅಂತ ನಾನು ಹೇಳಲ್ಲ. ಆದರೆ ಸರ್ಕಾರಕ್ಕೆ ಅವರ ಹೆಸರು ಗೊತ್ತು.

ನಾಟಕಕ್ಕೂ ಅಷ್ಟೇ. ವೃತ್ತಿರಂಗಭೂಮಿಗೆ ಅಂತಲೇ ದಾವಣಗೆರೆಗೆ ಒಂದು ರಂಗಾಯಣ ಬಂತು. ಜಾತ್ರೆ ಆಟಗಳಿಗೋ, ದೇವರೇ ದಿಕ್ಕು, ದೇವರು ಕೈಬಿಟ್ಟಿಲ್ಲ. ಗಿರಗಿಟ್ಲೆ, ಪೀಪಿ, ಬುಗುರಿ, ಬೊಂಬಾಯಿ ಮಿಠಾಯಿ, ಬೆಂಡು ಬತ್ತಾಸು ಇನ್ನೂ ಸಿಗುತ್ವೆ. ಎಣ್ಣೆ ದೀಪ ಹಚ್ಚಿದರೆ ನೀರಲ್ಲಿ ಪಟಪಟ ಓಡೋ ತಗಡಿನ ದೋಣಿ ಇದೆಯಲ್ಲ, ಅದಕ್ಕೆ 1891ರಲ್ಲೇ ಬ್ರಿಟನ್ನಿನಲ್ಲಿ ಪೇಟೆಂಟ್ ಕೇಳಿದ್ದರು. ಬಿಸಿಯಾದ ನೀರು ಆವಿಯಾಗಿ ಹಿಂದಕ್ಕೆ ತಳ್ಳುತ್ತೆ, ಆವಿ ತಣ್ಣಗಾಗಿ ಮತ್ತೆ ನೀರು ಎಳ್ಕೊಳ್ಳುತ್ತೆ, ಅಷ್ಟೇ ಎಂಜಿನ್. ಹಗುರವಾಗಿ ಕಾಣೋ ಆಟಿಕೆಯ ಹಿಂದೂ ಒಂದು ದೊಡ್ಡ ತಲೆ ಇರುತ್ತೆ.

ಜಾತ್ರೆ ತೊಟ್ಟಿಲಿನ ಕತೆ ಇನ್ನೂ ಸ್ವಾರಸ್ಯ. ಜೈಂಟ್ ವೀಲ್ ಅಂದರೆ ಎಲ್ಲರೂ 1893ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಫೆರಿಸ್ ಕಟ್ಟಿದ 264 ಅಡಿ ಎತ್ತರದ ಚಕ್ರ ಅಂತಾರೆ. ಆದರೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1615ರಲ್ಲೇ ಇಸ್ತಾಂಬುಲ್‌ನಲ್ಲಿ ಹಬ್ಬದ ದಿನ ಅಂಥ ಚಕ್ರದಲ್ಲಿ ಕೂತು ಖುಷಿಪಟ್ಟು ಬರೆದಿದ್ದಾನೆ. ಅದೇ ಮನುಷ್ಯ 1623ರಲ್ಲಿ ಎಲ್ಲಿಗೆ ಬಂದ ಗೊತ್ತಾ? ನಮ್ಮ ಇಕ್ಕೇರಿಗೆ! ಕೆಳದಿ ಅರಸರ ರಾಜಧಾನಿಗೆ. ಘಟ್ಟ ಹತ್ತುವ ದಾರಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಬರೀತಾ ಲೆಕ್ಕ ಕಲಿಯೋದನ್ನು ಕಂಡ. ಇಕ್ಕೇರಿ ಬೀದಿಯಲ್ಲಿ ಹೆಣ್ಣುಮಕ್ಕಳು ಬಣ್ಣದ ಕೋಲು ಹಿಡಿದು ಆಡೋದನ್ನು ಕಂಡ. ಬರೆದಿಟ್ಟ. ನಾಲ್ಕುನೂರು ವರ್ಷದ ಹಿಂದಿನ ನಮ್ಮ ಆಟ ನಮಗೆ ಗೊತ್ತಾಗಿದ್ದು ಪರದೇಶದವನೊಬ್ಬ ಅದು ಸಣ್ಣ ವಿಷಯ ಅಂತ ಬಿಡಲಿಲ್ಲ ಅನ್ನೋ ಕಾರಣಕ್ಕೆ. ನಾವು ನಮ್ಮ ಕಣ್ಣೆದುರಿನ ಬೋರ್ಡನ್ನೇ ಸಣ್ಣ ವಿಷಯ ಅಂತ ಬಿಡ್ತಾ ಇದ್ದೀವಿ.

ಈಗ ವಿಚಿತ್ರ ನೋಡಿ. ಹೆದ್ದಾರಿಯಲ್ಲಿ ಹೊಸ ಹೋಟೆಲ್ ಆಗುತ್ತೆ. ಒಳಗೆ ಹೋದರೆ ಹಳೇ ರೇಡಿಯೋ, ಗ್ರಾಮಫೋನು, ಲಾಟೀನು. ಗೋಡೆ ಮೇಲೆ ಹಳೇ ಕಾಲದ ಸೋಡಾ ಅಂಗಡಿ ಬೋರ್ಡು, ಬಯಾಸ್ಕೋಪ್ ಡಬ್ಬದ ಚಿತ್ರ. ಎಲ್ಲರೂ ಅದರ ಮುಂದೆ ಸೆಲ್ಫಿ. ಹಳೇದಕ್ಕೆ ಮಾರುಕಟ್ಟೆ ಇಲ್ಲ ಅಂದೋರು ಯಾರು? ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ್ ಕಟ್ಟಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಹಳ್ಳಿ ಬದುಕಿನ ಶಿಲ್ಪ ನೋಡೋಕೆ ಜನ ಟಿಕೆಟ್ ತಗೊಂಡು ಹೋಗ್ತಾರೆ. ಅಂದರೆ ನೆನಪಿಗೆ ದುಡ್ಡು ಕೊಡೋಕೆ ನಾವು ತಯಾರು. ಆ ನೆನಪನ್ನು ಕೈಯಾರೆ ಬರೆದವನಿಗೆ ಕೆಲಸ ಕೊಡೋಕೆ ತಯಾರಿಲ್ಲ. ಹಳೇ ಬೋರ್ಡಿನ ಚಿತ್ರವನ್ನೂ ಪ್ರಿಂಟ್ ಹಾಕಿಸಿ ಅಂಟಿಸ್ತೀವಿ!

ಕಾನೂನು ಏನಾದ್ರೂ ಅಡ್ಡ ಇದೆಯಾ? ಇಲ್ಲ, ಕಾನೂನು ಪೇಂಟರ್ ಪರವಾಗೇ ಇದೆ. 2016ರ ಮಾರ್ಚ್‌ನಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್ ನಿಷೇಧಿಸಿದೆ. 2022ರ ಜುಲೈ 1ರಿಂದ ಕೇಂದ್ರ ಕೂಡ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್ ನಿಷೇಧಿಸಿದೆ. 2024ರಲ್ಲಿ ನಾಮಫಲಕದ ಶೇ. 60 ಭಾಗ ಕನ್ನಡ ಇರಬೇಕು ಅಂತ ಕಾಯ್ದೆಗೆ ತಿದ್ದುಪಡಿ ಆಯ್ತು. 1967ರಲ್ಲಿ ಲೋಕಸಭೆಗೆ ಹೋಗಿ ಕನ್ನಡದಲ್ಲೇ ಮಾತಾಡಿದ ಪಟೇಲರ ಸೀಮೆ ಇದು. ಕನ್ನಡ ಎಷ್ಟು ಭಾಗ ಇರಬೇಕು ಅಂತ ಅಳೆಯೋ ನಾವು, ಆ ಕನ್ನಡ ಎಷ್ಟು ಚೆಂದ ಇರಬೇಕು ಅಂತ ಒಂದು ಸಲವೂ ಕೇಳಲಿಲ್ಲ.

ಪೇಂಟರ್‌ನ ಆರೋಗ್ಯದ ಮಾತೂ ಹೇಳಲೇಬೇಕು. ಹಳೇ ಎನಾಮೆಲ್‌ನ ಆ ಹೊಳೆಯೋ ಹಳದಿ, ಕೆಂಪಿನಲ್ಲಿ ಸೀಸ ಇರ್ತಿತ್ತು. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಆ ಬಣ್ಣವನ್ನು ಉಗುರಲ್ಲಿ ಇಟ್ಟುಕೊಂಡೇ ಊಟ ಮಾಡಿತ್ತು. ಆದ್ದರಿಂದ ಹಳೇ ಕಾಲ ಎಲ್ಲ ಚಿನ್ನ ಅಂತ ನಾನು ಹೇಳಲ್ಲ. ವಿದ್ಯೆ ಉಳೀಲಿ, ವಿಷ ಬೇಡ.

ಬೇರೆ ಕಡೆ ಏನ್ ಮಾಡಿದರು? ದೆಹಲಿಯಲ್ಲಿ ಹನೀಫ್ ಕುರೇಶಿ ಅನ್ನೋ ಕಲಾವಿದ ಬೀದಿ ಪೇಂಟರ್‌ಗಳ ಅಕ್ಷರಗಳನ್ನು ಸಂಗ್ರಹಿಸಿ, ಕಂಪ್ಯೂಟರ್ ಫಾಂಟ್ ಮಾಡಿ, ಅದಕ್ಕೆ ಆ ಪೇಂಟರ್‌ಗಳ ಹೆಸರನ್ನೇ ಇಟ್ಟರು. 2024ರಲ್ಲಿ, ಇನ್ನೂ 41ನೇ ವಯಸ್ಸಿಗೇ, ಹೋಗಿಬಿಟ್ಟರು. ಆದರೆ ದಾರಿ ತೋರಿಸಿ ಹೋದರು. ನಮಗೇನು ಕೊರತೆ? ದಾವಣಗೆರೆಯಲ್ಲಿ 1964ರಿಂದ ಚಿತ್ರಕಲಾ ಕಾಲೇಜು ಇದೆ. ಅಲ್ಲಿನ ಹುಡುಗರು ಕ್ಯಾಮೆರಾ ಹಿಡಿದು ಈ ನಾಲ್ಕು ಪಟ್ಟಣದ ಬೀದಿ ಸುತ್ತಿದರೆ ಎಷ್ಟು ದಿನದ ಕೆಲಸ? ಶಾಲೆ ಗೋಡೆ, ಅಂಗನವಾಡಿ ಗೋಡೆ, ಇದೆಲ್ಲ ಇವತ್ತೂ ಕುಂಚದ್ದೇ ಕೆಲಸ. ಪಂಚಾಯ್ತಿಯವರು ಅದನ್ನು ಊರಿನ ಪೇಂಟರ್‌ಗೇ ಕೊಟ್ಟು, ಜೊತೆಗೆ ಇಬ್ಬರು ಹುಡುಗರನ್ನು ಕಲಿಯೋಕೆ ಬಿಟ್ಟರೆ, ವಿದ್ಯೆ ಇನ್ನೊಂದು ತಲೆಮಾರು ದಾಟುತ್ತೆ.

ನಿಮಗೂ ಒಂದು ಕೆಲಸ ಹೇಳ್ತೀನಿ. ನಾಳೆ ನಿಮ್ಮೂರ ಪೇಟೆ ಬೀದಿಯಲ್ಲಿ ಹೋಗುವಾಗ ತಲೆ ಎತ್ತಿ ನೋಡಿ. ಕೈಯಲ್ಲಿ ಬರೆದ ಬೋರ್ಡ್ ಕಂಡರೆ ಕೆಳಗಿನ ಬಲ ಮೂಲೆ ಗಮನಿಸಿ. ಚಿಕ್ಕದಾಗಿ ‘ಆರ್ಟ್ಸ್’ ಅಂತ ಬರೆದು, ಪಕ್ಕದಲ್ಲಿ ಒಂದು ಹೆಸರು ಇರುತ್ತೆ. ಆ ಹೆಸರಿನ ಮನುಷ್ಯ ಬಹುಶಃ ಇನ್ನೂ ಅದೇ ಊರಲ್ಲಿದ್ದಾನೆ. ಹೋಗಿ ಮಾತಾಡಿಸಿ. ಮನೆಗೊಂದು ಹೆಸರಿನ ಫಲಕ ಬೇಕಿದ್ದರೆ ಅವನ ಕೈಯಲ್ಲೇ ಬರೆಸಿ. ಇತಿಹಾಸಕ್ಕೆ ಕೂಲಿ ಕೊಡೋ ಅವಕಾಶ ದಿನಾ ಸಿಗಲ್ಲ.