ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಕೋಚ್‌ಗಳಿಗೆ ಶಿಕ್ಷೆ

ನಮ್ಮ ಕಡೆಯ ಅಂತರ ಕಾಲೇಜು ಕ್ರೀಡಾಕೂಟಗಳನ್ನು ಕಂಡವರಿಗೆ ಅಮೆರಿಕದ ಕಾಲೇಜು ಆಟಗಳ ಗಾತ್ರ ಸುಲಭವಾಗಿ ಅಂದಾಜಿಗೆ ಸಿಗಲಾರದು. ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಮೈದಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. (ಅಲ್ಲಿನ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ, ನಮ್ಮ ಕಾಲ್ಚೆಂಡು ಬೇರೆ.) ಹಲವು ರಾಜ್ಯಗಳಲ್ಲಿ ಸರ್ಕಾರದ ಸಂಬಳ ಪಡೆಯುವವರ ಪೈಕಿ ಗವರ್ನರ್‌ಗಿಂತಲೂ ಹೆಚ್ಚು ಎಣಿಸಿಕೊಳ್ಳುವವರು ಸರ್ಕಾರಿ ವಿಶ್ವವಿದ್ಯಾಲಯದ ಕೋಚ್‌ಗಳು. ಗೆಲ್ಲಬೇಕಾದರೆ ಒಳ್ಳೆಯ ಆಟಗಾರರು ಬೇಕು. ಆದ್ದರಿಂದ ಹೈಸ್ಕೂಲಿನಲ್ಲಿ ಓದುತ್ತಿರುವ ಹುಡುಗರನ್ನು ತಮ್ಮ ಕಾಲೇಜಿಗೆ ಸೆಳೆಯಲು ಕೋಚ್‌ಗಳ ನಡುವೆ ಭಾರಿ ಪೈಪೋಟಿ. ನಿಯಮ ಮುರಿಯುವುದು ಶುರುವಾಗುವುದೂ ಇಲ್ಲಿಯೇ.

ನಿಯಮ ಯಾರದು, ಶಿಕ್ಷೆ ಯಾವುದು

1906ರಲ್ಲಿ ಹುಟ್ಟಿದ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘ (ಎನ್‌ಸಿಎಎ) ಈ ಆಟಗಳಿಗೆ ನಿಯಮ ಮಾಡುತ್ತದೆ. ಹುಡುಗನ ಮನೆಗೆ ಕೋಚ್ ಯಾವಾಗ ಹೋಗಬಹುದು, ಎಷ್ಟು ಸಲ ಮಾತಾಡಬಹುದು ಎಂಬುದಕ್ಕೆಲ್ಲ ಲೆಕ್ಕವಿದೆ. ಸೇರಿಸಿಕೊಳ್ಳುವ ಆಸೆಗೆ ಹಣ, ಉಡುಗೊರೆ ಕೊಡುವಂತಿಲ್ಲ.

ಶಿಕ್ಷೆಯಲ್ಲಿ ಎರಡು ಬಗೆ. ಮೊದಲನೆಯದು ವಿಶ್ವವಿದ್ಯಾಲಯಕ್ಕೆ: ದಂಡ, ವಿದ್ಯಾರ್ಥಿವೇತನಗಳ ಕಡಿತ, ಹಳೆಯ ಗೆಲುವುಗಳನ್ನು ದಾಖಲೆಯಿಂದ ತೆಗೆಯುವುದು, ವರ್ಷಾಂತ್ಯದ ಪಂದ್ಯಾವಳಿಗೆ ನಿಷೇಧ. ಎರಡನೆಯದು ಕೋಚ್‌ಗೆ: ಕೆಲವು ಪಂದ್ಯಗಳ ಅಮಾನತು ಅಥವಾ ‘ಶೋ ಕಾಸ್’ ಆದೇಶ. ಇದು ನಮ್ಮ ಕಚೇರಿಗಳಲ್ಲಿ ನೌಕರರ ಕೈಗೆ ಕೊಡುವ ಶೋ ಕಾಸ್ ನೋಟಿಸಿನಂತಲ್ಲ. ಆದೇಶದ ಅವಧಿಯಲ್ಲಿ ಆ ಕೋಚ್‌ಗೆ ಕೆಲಸ ಕೊಡುವ ಯಾವುದೇ ಕಾಲೇಜು ಆತನ ಮೇಲಿನ ನಿರ್ಬಂಧಗಳನ್ನು ತಾನೂ ಹೊರಬೇಕು. ಇಲ್ಲವಾದರೆ ತನಗೇಕೆ ಶಿಕ್ಷೆ ಕೊಡಬಾರದೆಂದು ಕಾರಣ ತೋರಿಸಬೇಕು. ಹೀಗಾಗಿ ಅಂಥವರನ್ನು ಕರೆಯಲು ಬಹುತೇಕ ಕಾಲೇಜುಗಳು ಹಿಂಜರಿಯುತ್ತವೆ. ಕಾಲೇಜು ಬದಲಿಸಿದರೂ ಶಿಕ್ಷೆ ಕೋಚ್‌ನ ಬೆನ್ನು ಬಿಡಬಾರದೆಂಬುದೇ ಇದರ ಉದ್ದೇಶ.

61 ಸಾವಿರ ಡಾಲರಿನ ‘ಮರಣದಂಡನೆ’

ಅತಿ ಕಠಿಣ ಶಿಕ್ಷೆ ಬಿದ್ದದ್ದು 1987ರಲ್ಲಿ, ಟೆಕ್ಸಾಸ್ ರಾಜ್ಯದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯಕ್ಕೆ. ಅಲ್ಲಿನ 13 ಫುಟ್‌ಬಾಲ್ ಆಟಗಾರರಿಗೆ ಗುಟ್ಟಾಗಿ ಸುಮಾರು 61 ಸಾವಿರ ಡಾಲರ್ ಸಂದಾಯವಾಗಿತ್ತು. ಹಣ ಕೊಟ್ಟವರು ತಂಡದ ಸಿರಿವಂತ ಅಭಿಮಾನಿಗಳು. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದು ಆಮೇಲೆ ರಾಜ್ಯದ ಗವರ್ನರ್ ಆದ ಬಿಲ್ ಕ್ಲೆಮೆಂಟ್ಸ್, ಈ ಸಂದಾಯ ಮುಂದುವರಿಸಲು ತಾವೂ ಒಪ್ಪಿದ್ದಾಗಿ ಹೇಳಿಕೊಂಡರು. ಆ ವರ್ಷದ ಇಡೀ ಫುಟ್‌ಬಾಲ್ ಋತುವನ್ನೇ ಎನ್‌ಸಿಎಎ ರದ್ದು ಮಾಡಿತು. ಮರುವರ್ಷವೂ ವಿಶ್ವವಿದ್ಯಾಲಯ ಆಡಲಿಲ್ಲ. ತಂಡ 1989ರಲ್ಲಿ ಮರಳಿತಾದರೂ ಸೋಲಿಗಿಂತ ಗೆಲುವು ಹೆಚ್ಚಿರುವ ಋತುವನ್ನು ಕಾಣಲು 1997ರವರೆಗೆ ಕಾಯಬೇಕಾಯಿತು. ಅಷ್ಟು ದಿನ ಸೋಲುಂಡ ಹುಡುಗರು ಹಗರಣದ ಹೊತ್ತಿಗೆ ಇನ್ನೂ ಶಾಲಾಮಕ್ಕಳು. ಮೊದಲ ದರ್ಜೆಯ ಯಾವ ಫುಟ್‌ಬಾಲ್ ತಂಡಕ್ಕೂ ಆಮೇಲೆ ಈ ಶಿಕ್ಷೆ ಕೊಟ್ಟಿಲ್ಲ.

ಕೋರ್ಟಿಗೆ ಹೋದವರು

ಬ್ಯಾಸ್ಕೆಟ್‌ಬಾಲ್ ಕೋಚ್ ಜೆರ್ರಿ ತಾರ್ಕೇನಿಯನ್ ಅವರನ್ನು ಎರಡು ವರ್ಷ ಅಮಾನತಿನಲ್ಲಿಡುವಂತೆ 1977ರಲ್ಲಿ ಲಾಸ್ ವೇಗಾಸ್‌ನ ನೆವಾಡ ವಿಶ್ವವಿದ್ಯಾಲಯಕ್ಕೆ ಎನ್‌ಸಿಎಎ ಸೂಚಿಸಿತು. ಅವರು ನ್ಯಾಯಾಲಯದಿಂದ ತಡೆ ತಂದರು. 1988ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಎನ್‌ಸಿಎಎ ಪರ, ನಾಲ್ವರು ವಿರುದ್ಧ ನಿಂತರು. ಅದು ಸರ್ಕಾರದ ಅಂಗವಲ್ಲ, ಖಾಸಗಿ ಸಂಘ. ಆದ್ದರಿಂದ ಶಿಕ್ಷೆಗೆ ಮುನ್ನ ಸರ್ಕಾರ ಪಾಲಿಸಬೇಕಾದ ಸಂವಿಧಾನದ ಕಟ್ಟುಪಾಡು ಅದಕ್ಕೆ ಅನ್ವಯಿಸದು ಎಂಬುದು ತೀರ್ಪಿನ ಸಾರ. ಆದರೂ 1998ರಲ್ಲಿ ಸಂಘವೇ 25 ಲಕ್ಷ ಡಾಲರ್ ಕೊಟ್ಟು ತಾರ್ಕೇನಿಯನ್ ಜೊತೆ ರಾಜಿ ಮಾಡಿಕೊಂಡಿತು. ದೊಡ್ಡ ಕಾಲೇಜಿನ ಮೇಲೆ ಸಿಟ್ಟು ಬಂದರೆ ಸಂಘವು ಸಣ್ಣ ಕಾಲೇಜಿನ ಶಿಕ್ಷೆಯನ್ನು ಇನ್ನೊಂದು ವರ್ಷ ಬೆಳೆಸುತ್ತದೆ ಎಂಬ ಅವರ ಕುಹಕ ಅಲ್ಲಿ ಮನೆಮಾತು. ನಮ್ಮಲ್ಲಿ ಇದಕ್ಕೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ.

ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಫುಟ್‌ಬಾಲ್ ಪ್ರಕರಣ ಇನ್ನೊಂದು. 2010ರ ಜೂನ್‌ನಲ್ಲಿ ಶಿಕ್ಷೆ ಪ್ರಕಟವಾಗುವಷ್ಟರಲ್ಲಿ ಮುಖ್ಯ ಕೋಚ್ ಪೀಟ್ ಕ್ಯಾರೊಲ್ ವೃತ್ತಿಪರ ತಂಡವೊಂದಕ್ಕೆ ಹೋಗಿಯಾಗಿತ್ತು. ಒಂದು ವರ್ಷದ ಶೋ ಕಾಸ್ ಬಿದ್ದದ್ದು ಸಹಾಯಕ ಕೋಚ್ ಟಾಡ್ ಮೆಕ್‌ನೇರ್ ಮೇಲೆ. ಅವರು ಕೆಲಸ ಕಳೆದುಕೊಂಡು ಕೋರ್ಟಿಗೆ ಹೋದರು. 2018ರಲ್ಲಿ ಜ್ಯೂರಿಯ ತೀರ್ಪು ಸಂಘದ ಪರವಾಯಿತು. ಆದರೆ ಅದೇ ವರ್ಷ ನ್ಯಾಯಾಧೀಶರು, ಶೋ ಕಾಸ್ ಆದೇಶವು ಕ್ಯಾಲಿಫೋರ್ನಿಯದ ಕಾನೂನಿಗೆ ವಿರುದ್ಧವೆಂದರು. 2021ರಲ್ಲಿ ಪ್ರಕರಣ ರಾಜಿಯಾಯಿತು.

ಫೋನು ಮಾಡಿದ್ದೇ ತಪ್ಪು

ಒಕ್ಲಹೋಮ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್ ಕೆಲ್ವಿನ್ ಸ್ಯಾಂಪ್ಸನ್ ಮತ್ತವರ ಸಹಾಯಕರು ನಿಯಮ ಮೀರಿ ಮಾಡಿದ ಫೋನ್ ಕರೆಗಳು 577. ಇಂಡಿಯಾನ ವಿಶ್ವವಿದ್ಯಾಲಯಕ್ಕೆ ಹೋದ ಮೇಲೂ ಕರೆಗಳು ನಿಲ್ಲಲಿಲ್ಲ. 2008ರಲ್ಲಿ ಅವರಿಗೆ ಐದು ವರ್ಷದ ಶೋ ಕಾಸ್ ಆಯಿತು. ಆದರೆ 2012ರಲ್ಲಿ ಎನ್‌ಸಿಎಎ ಪುರುಷರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಕರೆಗಳ ಮಿತಿಯನ್ನೇ ಸಡಿಲಿಸಿತು. ನಿಯಮ ಹೋದರೂ ಸ್ಯಾಂಪ್ಸನ್ ಅವರ ಶಿಕ್ಷೆ ಉಳಿಯಿತು. 2014ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಬಂದ ಅವರು 2025ರಲ್ಲಿ ತಂಡವನ್ನು ರಾಷ್ಟ್ರೀಯ ಫೈನಲ್‌ಗೆ ತಂದರು.

ಟೆನೆಸ್ಸಿ ವಿಶ್ವವಿದ್ಯಾಲಯದ ಬ್ರೂಸ್ ಪರ್ಲ್ ಅವರದು ಇನ್ನೊಂದು ಬಗೆ. 2008ರಲ್ಲಿ ಹೈಸ್ಕೂಲ್ ಆಟಗಾರನೊಬ್ಬನನ್ನು ಮನೆಯ ಊಟಕ್ಕೆ ಕರೆದದ್ದು ಸಣ್ಣ ತಪ್ಪು. ತನಿಖೆಯಲ್ಲಿ ಸುಳ್ಳು ಹೇಳಿದ್ದರಿಂದ ಅದು ದೊಡ್ಡದಾಯಿತು. 2011ರಲ್ಲಿ ಕೆಲಸ ಹೋಯಿತು, ಮೂರು ವರ್ಷದ ಶೋ ಕಾಸ್ ಬಂತು. ಆ ಅವಧಿ ಮುಗಿಯುವ ಮೊದಲೇ, 2014ರಲ್ಲಿ, ಆಬರ್ನ್ ವಿಶ್ವವಿದ್ಯಾಲಯ ಅವರನ್ನು ಕರೆದುಕೊಂಡಿತು. ಗೆಲ್ಲಿಸಿಕೊಡುವ ಕೋಚ್‌ಗೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ.

ಸೆರೆಯಾದವರು ಸಹಾಯಕರು

2017ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಹತ್ತು ಮಂದಿಯ ಮೇಲೆ ಕ್ರಮ ಕೈಗೊಂಡಿತು. ಅವರಲ್ಲಿ ನಾಲ್ವರು ಬ್ಯಾಸ್ಕೆಟ್‌ಬಾಲ್ ಸಹಾಯಕ ಕೋಚ್‌ಗಳು. ಆಟಗಾರರನ್ನು ನಿರ್ದಿಷ್ಟ ಏಜೆಂಟರ ಕಡೆ ತಿರುಗಿಸಲು ಲಂಚ ಪಡೆದರೆಂಬುದು ಆರೋಪ. ನಾಲ್ವರೂ ತಪ್ಪೊಪ್ಪಿಕೊಂಡರು, ಇಬ್ಬರಿಗೆ ಮೂರು ತಿಂಗಳ ಸೆರೆವಾಸವಾಯಿತು. ಆ ಇಬ್ಬರಿಗೂ ಎನ್‌ಸಿಎಎ ವ್ಯವಸ್ಥೆಯಿಂದ ಹತ್ತು ವರ್ಷದ ಶೋ ಕಾಸ್ ಬಂತು. ಒಬ್ಬನೇ ಒಬ್ಬ ಮುಖ್ಯ ಕೋಚ್ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ. ಅತ್ತ ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ತಂಡಕ್ಕೆ 2022ರ ಪಂದ್ಯಾವಳಿಯಿಂದ ನಿಷೇಧವಾಯಿತು. ತಪ್ಪು ಮಾಡಿದ ಸಹಾಯಕನನ್ನು ವಿಶ್ವವಿದ್ಯಾಲಯ 2017ರಲ್ಲೇ ತೆಗೆದುಹಾಕಿತ್ತು.

ಬದಲಾದ ತಕ್ಕಡಿ

ಇಂಥ ದೂರುಗಳ ಬಳಿಕ ಎನ್‌ಸಿಎಎ ದಾರಿ ಬದಲಿಸಿತು. ತಪ್ಪಿನಲ್ಲಿ ಪಾಲಿಲ್ಲದ ಆಟಗಾರರಿಗೆ ಶಿಕ್ಷೆ ತಟ್ಟುವುದನ್ನು ಆದಷ್ಟು ತಪ್ಪಿಸಬೇಕೆಂದು 2022ರ ಅದರ ಹೊಸ ಸಂವಿಧಾನ ಹೇಳಿತು. 2023ರ ಜನವರಿಯಿಂದ ಸಹಾಯಕರ ತಪ್ಪಿಗೆ ಮುಖ್ಯ ಕೋಚ್ ಹೊಣೆ. ಗೊತ್ತಿರಲಿಲ್ಲ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಎಚ್ಚರ ವಹಿಸಿದ್ದನ್ನು ತೋರಿಸಿದರೆ ಶಿಕ್ಷೆಯ ಪ್ರಮಾಣ ಮಾತ್ರ ತಗ್ಗಬಹುದು.

ಇದರ ಪರಿಣಾಮ ಟೆನೆಸ್ಸಿಯ ಫುಟ್‌ಬಾಲ್ ಪ್ರಕರಣದಲ್ಲಿ ಕಂಡಿತು. ಆಟಗಾರರಿಗೆ, ಅವರ ಮನೆಯವರಿಗೆ ಸಂದದ್ದು ಸುಮಾರು 60 ಸಾವಿರ ಡಾಲರ್. ಹೆಚ್ಚೂಕಡಿಮೆ 1987ರಷ್ಟೇ ಮೊತ್ತ. 2023ರ ಜುಲೈನಲ್ಲಿ ವಿಶ್ವವಿದ್ಯಾಲಯಕ್ಕೆ 80 ಲಕ್ಷ ಡಾಲರಿಗೂ ಹೆಚ್ಚು ದಂಡ ಬಿತ್ತು. ಮಾಜಿ ಮುಖ್ಯ ಕೋಚ್ ಜೆರೆಮಿ ಪ್ರುಯಿಟ್‌ಗೆ ಆರು ವರ್ಷದ ಶೋ ಕಾಸ್ ಆಯಿತು. ತಂಡದ ಆಟ ಮಾತ್ರ ನಿಲ್ಲಲಿಲ್ಲ.

ಆದರೂ ಒಂದು ಕಿಂಡಿ ಉಳಿದಿದೆ. ಕೋವಿಡ್ ಕಾಲದಲ್ಲಿ ಹುಡುಗರನ್ನು ಮುಖತಃ ಕಾಣಬಾರದೆಂಬ ನಿಯಮ ಮುರಿದದ್ದಕ್ಕೆ, ತನಿಖೆಗೆ ಸಹಕರಿಸದ್ದಕ್ಕೆ ಮಿಷಿಗನ್‌ನ ಜಿಮ್ ಹಾರ್ಬೊ ಅವರಿಗೆ 2024ರ ಆಗಸ್ಟ್‌ನಲ್ಲಿ ನಾಲ್ಕು ವರ್ಷದ ಶೋ ಕಾಸ್ ಆಯಿತು. ಅಷ್ಟರಲ್ಲಿ ಅವರು ರಾಷ್ಟ್ರೀಯ ಪ್ರಶಸ್ತಿ ಗೆದ್ದು ವೃತ್ತಿಪರ ತಂಡದ ಕೋಚ್ ಆಗಿದ್ದರು. ಕಾಲೇಜು ಸಂಘದ ಆದೇಶ ಅಲ್ಲಿ ನಡೆಯದು.

ಹಣದ ನಿಯಮವೂ ಹಳೆಯದಾಗಿ ಉಳಿದಿಲ್ಲ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ಸಂಪಾದಿಸಬಹುದು. ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಪ್ರತಿ ವಿಶ್ವವಿದ್ಯಾಲಯದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಒಂದು ಕಾಲಕ್ಕೆ 61 ಸಾವಿರ ಡಾಲರಿಗೆ ಇಡೀ ತಂಡವನ್ನೇ ಮುಚ್ಚಿಸಿದ್ದರು. ಈಗ ಅದರ ಮುನ್ನೂರು ಪಟ್ಟಿಗೂ ಹೆಚ್ಚು ಹಣ ಲೆಕ್ಕಪತ್ರದಲ್ಲೇ ಹಂಚಿಕೆಯಾಗುತ್ತದೆ. ಮಿತಿ ಇರುವವರೆಗೆ ಮಿತಿ ಮೀರುವವರೂ ಇರುತ್ತಾರೆ. ಹಾಗೆ ಮೀರಿದಾಗ ಬರೆ ಬೀಳುವುದು ಮುಖ್ಯ ಕೋಚ್‌ಗೋ, ಸಹಾಯಕನಿಗೋ ಅಥವಾ ಏನೂ ಅರಿಯದ ಆಟಗಾರನಿಗೋ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.